ಖಾರ್ಕಿವ್‌ನ ಮೆಟ್ರೋ ಶಾಲೆ: ಯುದ್ಧದ ನಡುವೆ ಕಲಿಕೆಯ ಹಕ್ಕು ಅಂದ್ರೆ ಎಷ್ಟು ಚದರ ಮೀಟರ್?

“ಅಣ್ಣಾ, ಇದು ನಮ್ಮ ಸ್ಟೇಷನ್ನು. ನಾವು ಮಲಗಿದ್ದ ಜಾಗ.”

2023ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿ ಹೀಗೆ ಬರೆದಿದ್ದಳು. ಉಕ್ರೇನ್‌ನ ಖಾರ್ಕಿವ್ ನಗರದ ಮೆಟ್ರೋ ನಿಲ್ದಾಣವೊಂದರ ಫೋಟೋ ಅದು. ಒಂದು ಪುಟ್ಟ ಕೋಣೆ, ಸಾಲಾಗಿ ಡೆಸ್ಕು, ಆರೇಳು ವರ್ಷದ ಮಕ್ಕಳು, ಮುಂದೆ ಒಬ್ಬ ಟೀಚರ್. ಎಲ್ಲ ಶಾಲೆಯಂತೆಯೇ ಕಾಣುತ್ತಿತ್ತು. ಕಿಟಕಿ ಮಾತ್ರ ಇರಲಿಲ್ಲ.

ಅವಳು ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದಳು. 2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಶುರುಮಾಡಿದಾಗ ಹಾಸ್ಟೆಲ್‌ನಿಂದ ಓಡಿ ಹೋಗಿ ಆ ನಿಲ್ದಾಣದೊಳಗೆ ಸೇರಿಕೊಂಡಿದ್ದಳು. ನಿಂತಿದ್ದ ರೈಲಿನ ಬೋಗಿಯೊಳಗೆ, ಪ್ಲಾಟ್‌ಫಾರ್ಮಿನ ಮೇಲೆ, ಮೆಟ್ಟಿಲ ಮೇಲೆ ಎಲ್ಲೆಂದರಲ್ಲಿ ಜನ ಮಲಗಿದ್ದರಂತೆ. ಮಾರ್ಚ್ 1ರಂದು ಅದೇ ನಗರದಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯ ವಿದ್ಯಾರ್ಥಿ ದಾಳಿಗೆ ಬಲಿಯಾದ. ಆ ಸುದ್ದಿ ಬಂದ ದಿನ ಕರ್ನಾಟಕದ ಎಷ್ಟೋ ಮನೆಗಳಂತೆ ನಮ್ಮ ಮನೆಯಲ್ಲೂ ಯಾರೂ ಊಟ ಮಾಡಲಿಲ್ಲ. ಮರುದಿನ ಭಾರತೀಯ ರಾಯಭಾರ ಕಚೇರಿ, ‘ಕೂಡಲೇ ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದಾದರೂ ಹೋಗಿ’ ಎಂದು ಸೂಚನೆ ಕೊಟ್ಟಿತು. ಅವಳು ಸುಮಾರು 11 ಕಿ.ಮೀ. ನಡೆದು ಪಿಸೋಚಿನ್ ಎಂಬ ಊರು ಸೇರಿದಳು. ಆಮೇಲೆ ‘ಆಪರೇಷನ್ ಗಂಗಾ’ ವಿಮಾನದಲ್ಲಿ ಮನೆಗೆ ಬಂದಳು.

ನಮ್ಮ ಹುಡುಗರು ಬಂದರು, ಟಿವಿ ಕ್ಯಾಮೆರಾಗಳೂ ವಾಪಸಾದವು. ಆದರೆ ಖಾರ್ಕಿವ್‌ನ ಸ್ವಂತ ಮಕ್ಕಳು ಅಲ್ಲೇ ಉಳಿದರು. ಅವರ ಶಾಲೆಯ ಗತಿ ಏನಾಯ್ತು? ಆ ಫೋಟೋ ನೋಡಿದ ಮೇಲೆ ನಾನು ಓದುತ್ತಾ ಬಂದದ್ದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಯುದ್ಧಪೀಡಿತ ದೇಶದಲ್ಲಿ ‘ಮಕ್ಕಳ ಶಿಕ್ಷಣದ ಹಕ್ಕು’ ಅನ್ನೋದು ದಿನನಿತ್ಯ ಹೇಗೆ ನಡೆಯುತ್ತೆ, ಎಲ್ಲಿ ಮುರಿದುಬೀಳುತ್ತೆ ಅನ್ನೋದಕ್ಕೆ ಖಾರ್ಕಿವ್‌ಗಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಶಾಲೆ ಭೂಮಿಯೊಳಗೆ ಇಳಿದದ್ದು ಯಾಕೆ?

ಖಾರ್ಕಿವ್ ಉಕ್ರೇನ್‌ನ ಎರಡನೇ ದೊಡ್ಡ ನಗರ. ಯುದ್ಧಕ್ಕೆ ಮುಂಚೆ ಜನಸಂಖ್ಯೆ ಸುಮಾರು 14 ಲಕ್ಷ. ರಷ್ಯಾ ಗಡಿ ಇಲ್ಲಿಂದ ಸುಮಾರು 30 ಕಿ.ಮೀ. ಅಂದ್ರೆ ಹೆಚ್ಚೂಕಡಿಮೆ ಮೆಜೆಸ್ಟಿಕ್‌ನಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಇರುವಷ್ಟು ದೂರ. ಗಡಿಯಾಚೆಯಿಂದ ಹಾರಿಸಿದ ಎಸ್-300 ಕ್ಷಿಪಣಿ ಒಂದು ನಿಮಿಷದೊಳಗೆ ನಗರದ ಮೇಲೆ ಬೀಳಬಲ್ಲದು.

ಈ ‘ಒಂದು ನಿಮಿಷ’ ಅನ್ನೋದೇ ಇಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತೆ. ಪಶ್ಚಿಮದ ಲ್ವಿವ್‌ನಂಥ ನಗರದಲ್ಲಿ ಸೈರನ್ ಕೂಗಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೆಲಮಾಳಿಗೆಗೆ ಕರೆದೊಯ್ಯಲು ಸಮಯ ಇರುತ್ತೆ. ಹಾಗಾಗಿ ಪಾಠ ಮೇಲೆ, ಆಶ್ರಯ ಕೆಳಗೆ. ಖಾರ್ಕಿವ್‌ನಲ್ಲಿ ಸೈರನ್ ಕೂಗುವ ಹೊತ್ತಿಗೆ ಸ್ಫೋಟವೇ ಆಗಿರಬಹುದು. 30 ಮಕ್ಕಳನ್ನು ಎಬ್ಬಿಸಿ ಬಾಗಿಲವರೆಗೆ ತರುವುದಕ್ಕೂ ಆ ಸಮಯ ಸಾಲದು. ಆದ್ದರಿಂದ ಇಲ್ಲಿ ಶಾಲೆ ನಡೆಯಬೇಕಾದರೆ, ಬೆಲ್ ಹೊಡೆದಾಗಿನಿಂದ ಮನೆಗೆ ಬಿಡುವವರೆಗೆ ಮಕ್ಕಳು ಭೂಮಿಯೊಳಗೇ ಇರಬೇಕು.

ಖಾರ್ಕಿವ್‌ಗೆ 1975ರಿಂದಲೇ ಮೆಟ್ರೋ ಇದೆ, 30 ನಿಲ್ದಾಣಗಳಿವೆ. 2022ರ ಮೊದಲ ವಾರಗಳಲ್ಲಿ ಸಾವಿರಾರು ಜನ ಅಲ್ಲೇ ವಾಸ ಮಾಡಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಶೈಕ್ಷಣಿಕ ವರ್ಷ ಶುರುವಾಗುವಾಗ ನಗರಾಡಳಿತ ಕೆಲವು ನಿಲ್ದಾಣಗಳೊಳಗೆ ಗೋಡೆ ಎಬ್ಬಿಸಿ ಸುಮಾರು 60 ತರಗತಿ ಕೋಣೆಗಳನ್ನು ಮಾಡಿತು. ಸಾವಿರಕ್ಕೂ ಹೆಚ್ಚು ಮಕ್ಕಳು ಕಲಿಯತೊಡಗಿದರು. ಮಕ್ಕಳನ್ನು ಬಸ್ಸಿನಲ್ಲಿ ಕರೆತರುತ್ತಾರೆ. ಗೋಡೆಯಾಚೆ ರೈಲುಗಳು ಎಂದಿನಂತೆ ಓಡುತ್ತಿರುತ್ತವೆ.

2024ರ ಮೇನಲ್ಲಿ ಇನ್ನೊಂದು ಹೆಜ್ಜೆ. ಇಂಡಸ್ಟ್ರಿಯಲ್ನಿ ಎಂಬ ಬಡಾವಣೆಯಲ್ಲಿ ಶಾಲೆಗೆಂದೇ ಭೂಮಿಯೊಳಗೆ ಹೊಸ ಕಟ್ಟಡ ಕಟ್ಟಿ ತೆರೆದರು. ಎರಡು ಪಾಳಿಯಲ್ಲಿ ಸೇರಿ 900 ಮಕ್ಕಳಿಗೆ ಜಾಗ. ಅದೇ ಮೇ ತಿಂಗಳ 10ರಂದು ರಷ್ಯಾ ಸೇನೆ ಖಾರ್ಕಿವ್ ಪ್ರಾಂತ್ಯದ ಉತ್ತರ ಭಾಗಕ್ಕೆ ಮತ್ತೆ ನುಗ್ಗಿತ್ತು.

ತಲೆ ಎಣಿಸುವ ಲೆಕ್ಕ

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕೆಲಸ ಮಾಡಿದ್ದು ಎರಡೇ ವರ್ಷ, ಆಮೇಲೆ ಪತ್ರಿಕೋದ್ಯಮಕ್ಕೆ ಬಂದೆ. ಆದ್ರೂ ಹಳೇ ಅಭ್ಯಾಸ ಹೋಗಲ್ಲ. ‘900 ಮಕ್ಕಳು’ ಅಂದ ಕೂಡಲೇ ಗಾಳಿ ಎಲ್ಲಿಂದ ಬರುತ್ತೆ, ಎರಡನೇ ಬಾಗಿಲು ಎಲ್ಲಿದೆ, ಕರೆಂಟ್ ಹೋದರೆ ಜನರೇಟರ್ ಎಷ್ಟು ಹೊತ್ತು ನಡೆಯುತ್ತೆ, ಶೌಚಾಲಯದ ನೀರನ್ನು ಮೇಲಕ್ಕೆತ್ತೋದು ಹೇಗೆ ಅಂತ ತಲೆ ಓಡುತ್ತೆ.

ಯುದ್ಧ ಶುರುವಾದ ಮೇಲೆ ಉಕ್ರೇನ್ ಸರಳವಾದ ಒಂದು ನಿಯಮ ಮಾಡಿಕೊಂಡಿತು. ಆಶ್ರಯ ತಾಣ ಇಲ್ಲದ ಶಾಲೆಯಲ್ಲಿ ನೇರ ತರಗತಿ ಇಲ್ಲ. ಇದ್ದರೂ ಆ ತಾಣದಲ್ಲಿ ಎಷ್ಟು ಜನ ಹಿಡಿಯುತ್ತಾರೋ ಅಷ್ಟೇ ಮಕ್ಕಳು ಒಂದು ಹೊತ್ತಿಗೆ ಶಾಲೆಯಲ್ಲಿರಬಹುದು.

ಇದರ ಪರಿಣಾಮ ನೋಡಿ. ಒಂದು ಶಾಲೆಯಲ್ಲಿ 600 ಮಕ್ಕಳಿದ್ದಾರೆ, ನೆಲಮಾಳಿಗೆಯಲ್ಲಿ 200 ಮಕ್ಕಳು ಹಿಡಿಯುತ್ತಾರೆ ಅಂದುಕೊಳ್ಳಿ. ತರಗತಿ ಕೋಣೆ, ಟೀಚರ್, ಪುಸ್ತಕ ಎಲ್ಲ 600 ಮಕ್ಕಳಿಗೆ ಸಾಕಾಗುವಷ್ಟಿದೆ. ಆದರೂ ಶಾಲೆಯ ಸಾಮರ್ಥ್ಯ 200 ಮಾತ್ರ. ಎರಡು ಪಾಳಿ ಮಾಡಿದರೆ 400 ಆಗುತ್ತೆ, ಆಗ ಒಂದೊಂದು ಪಾಳಿಯ ಅವಧಿ ಕಮ್ಮಿಯಾಗುತ್ತೆ. ಮಿಕ್ಕ 200 ಮಕ್ಕಳು ಮನೆಯಲ್ಲಿ ಆನ್‌ಲೈನ್. ಇಲ್ಲವೇ ಎಲ್ಲರಿಗೂ ಸರದಿ: ಒಂದು ವಾರ ಶಾಲೆ, ಎರಡು ವಾರ ಮನೆ. ನಲ್ಲಿ ಎಷ್ಟೇ ದೊಡ್ಡದಿರಲಿ, ಪೈಪ್ ಎಲ್ಲಿ ಕಿರಿದಾಗಿದೆಯೋ ಅಲ್ಲಿ ಹಾಯುವಷ್ಟೇ ನೀರು ಬರೋದು. ಯುದ್ಧದ ಹೊತ್ತಿನಲ್ಲಿ ಶಾಲೆಯ ಆ ಕಿರಿದಾದ ಜಾಗ ಅಂದ್ರೆ ನೆಲಮಾಳಿಗೆ.

ಹಾಗಾಗಿ ‘ಉಕ್ರೇನ್‌ನಲ್ಲಿ ಶಾಲೆಗಳು ತೆರೆದವು’ ಅನ್ನೋ ಒಂದು ಸಾಲಿನ ಸುದ್ದಿಯಿಂದ ಏನೂ ಗೊತ್ತಾಗೋದಿಲ್ಲ. ಒಂದೇ ದೇಶದೊಳಗೆ ನಾಲ್ಕು ಬಗೆಯ ಶಾಲೆಗಳಿವೆ. ಪಶ್ಚಿಮದಲ್ಲಿ, ಕೆಳಗೆ ಆಶ್ರಯ ಇರುವ ಮಾಮೂಲಿ ಶಾಲೆ. ಖಾರ್ಕಿವ್‌ನಂಥ ಕಡೆ ಭೂಮಿಯೊಳಗಿನ ಶಾಲೆ. ಯುದ್ಧ ನಡೆಯುತ್ತಿರುವ ಸಾಲಿಗೆ ಹತ್ತಿರದ ಹಳ್ಳಿ-ಪಟ್ಟಣಗಳಲ್ಲಿ ಬರೀ ಆನ್‌ಲೈನ್. ರಷ್ಯಾ ವಶದಲ್ಲಿರುವ ಪ್ರದೇಶದಲ್ಲಿ ಬೇರೆಯದೇ ದೇಶದ ಪಠ್ಯ. ಯಾವ ಮಗುವಿಗೆ ಯಾವುದು ಅಂತ ತೀರ್ಮಾನಿಸುವುದು ಮನೆಯ ವಿಳಾಸ.

ಭೂಮಿಯೊಳಗಿನ ಜೀವನ ಪಾಠಕ್ಕಷ್ಟೇ ಸೀಮಿತವೂ ಅಲ್ಲ. ಯುದ್ಧಕ್ಕೆ ಎರಡು ವರ್ಷ ತುಂಬಿದಾಗ, 2024ರ ಫೆಬ್ರವರಿಯಲ್ಲಿ, ಯುನಿಸೆಫ್ ಒಂದು ಲೆಕ್ಕ ಕೊಟ್ಟಿತ್ತು. ಯುದ್ಧದ ಮುಂಚೂಣಿ ಪ್ರದೇಶದ ಮಕ್ಕಳು ಆ ಎರಡು ವರ್ಷದಲ್ಲಿ 3,000ದಿಂದ 5,000 ಗಂಟೆ ನೆಲಮಾಳಿಗೆ, ಮೆಟ್ರೋ ನಿಲ್ದಾಣಗಳಲ್ಲಿ ಕಳೆದಿದ್ದರು. ಹಗಲು ರಾತ್ರಿ ಸೇರಿಸಿದರೆ ನಾಲ್ಕರಿಂದ ಏಳು ತಿಂಗಳು.

‘ಆನ್‌ಲೈನ್ ಇದೆಯಲ್ಲ?’

ಈ ಪ್ರಶ್ನೆ ನಾನೂ ಕೇಳಿಕೊಂಡಿದ್ದೆ. ಅಷ್ಟು ದುಡ್ಡು ಸುರಿದು ಭೂಮಿ ಅಗೆಯುವುದಕ್ಕಿಂತ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂರಿಸೋದು ಸುರಕ್ಷಿತ ಅಲ್ವಾ?

ಉಕ್ರೇನ್‌ನಲ್ಲಿ ಅದಕ್ಕೆ ಬೇಕಾದ ವ್ಯವಸ್ಥೆ ಇತ್ತು ಅನ್ನೋದು ನಿಜ. ಕೋವಿಡ್ ಕಾಲದಲ್ಲಿ, 2020ರಲ್ಲಿ, ‘ಅಖಿಲ ಉಕ್ರೇನ್ ಆನ್‌ಲೈನ್ ಶಾಲೆ’ ಎಂಬ ಸರ್ಕಾರಿ ವೇದಿಕೆ ಶುರುವಾಗಿತ್ತು. ಯುದ್ಧದಲ್ಲಿ ಅದೇ ದೊಡ್ಡ ಆಸರೆಯಾಯಿತು. ದೇಶ ಬಿಟ್ಟು ಹೋದ ಮಕ್ಕಳೂ ಅದರ ಮೂಲಕ ತಮ್ಮ ಪಾಠ ಮುಂದುವರಿಸಿದರು.

ಆದರೆ 2022ರ ಅಕ್ಟೋಬರ್‌ನಿಂದ ರಷ್ಯಾ ವಿದ್ಯುತ್ ಕೇಂದ್ರಗಳ ಮೇಲೆ ದಾಳಿ ಶುರುಮಾಡಿತು. ಗಂಟೆಗಟ್ಟಲೆ ಕರೆಂಟ್ ಇಲ್ಲ. ಕರೆಂಟ್ ಇಲ್ಲದ ಕಡೆ ಇಂಟರ್ನೆಟ್ಟೂ ಇಲ್ಲ, ಆನ್‌ಲೈನ್ ಶಾಲೆಯೂ ಇಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿಗೆ ಒಂದೇ ಫೋನ್ ಇದ್ದರೆ ಯಾರ ಪಾಠ ತಪ್ಪುತ್ತೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಕೋವಿಡ್‌ನಲ್ಲಿ ನಾವೂ ಅದನ್ನು ನೋಡಿದ್ದೇವೆ.

ಇನ್ನೊಂದು ವಿಷಯ. ಈ ಮಕ್ಕಳ ಶಾಲೆ ನಿಂತದ್ದು 2022ರಲ್ಲಿ ಅಲ್ಲ, 2020ರ ಮಾರ್ಚ್‌ನಲ್ಲಿ. ಮೊದಲು ಕೋವಿಡ್, ಹಿಂದೆಯೇ ಯುದ್ಧ. ಖಾರ್ಕಿವ್‌ನಲ್ಲಿ 2019ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ತರಗತಿಯಲ್ಲಿ ಅಡ್ಡಿಯಿಲ್ಲದೆ ಕೂತದ್ದು ಆರೇಳು ತಿಂಗಳಷ್ಟೇ. ಪೂರ್ವದ ಡಾನ್‌ಬಾಸ್‌ನಲ್ಲಂತೂ ಸಂಘರ್ಷ 2014ರಿಂದಲೇ ಇದೆ.

ನಷ್ಟ ಎಷ್ಟು? 15 ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ‘ಪಿಸಾ’ ಎಂಬ ಅಂತಾರಾಷ್ಟ್ರೀಯ ಪರೀಕ್ಷೆಯನ್ನು ಉಕ್ರೇನ್ ಯುದ್ಧದ ನಡುವೆಯೂ, 2022ರಲ್ಲಿ ನಡೆಸಿತು. ಓದುವ ಸಾಮರ್ಥ್ಯದಲ್ಲಿ 2018ರಲ್ಲಿ 466 ಅಂಕ ಇದ್ದದ್ದು 428ಕ್ಕೆ ಇಳಿದಿತ್ತು. ಗಣಿತದಲ್ಲಿ 453ರಿಂದ 441ಕ್ಕೆ. ಸುಮಾರು 20 ಅಂಕವನ್ನು ಒಂದು ವರ್ಷದ ಕಲಿಕೆ ಅಂತ ಲೆಕ್ಕ ಹಾಕುವುದು ರೂಢಿ. ಅಂದ್ರೆ ಓದುವುದರಲ್ಲಿ ಹತ್ತಿರ ಹತ್ತಿರ ಎರಡು ವರ್ಷ ಹಿಂದೆ.

ಈ ಅಂಕಿಗೆ ಒಂದು ಮಿತಿಯೂ ಇದೆ. ದೇಶದ 27 ಆಡಳಿತ ಘಟಕಗಳ ಪೈಕಿ ಪರೀಕ್ಷೆ ನಡೆದದ್ದು 18ರಲ್ಲಿ ಮಾತ್ರ. ಪರೀಕ್ಷೆ ನಡೆಸಲು ಸಾಧ್ಯವಾದ ಕಡೆಯ ಅಂಕಿ ಇದು. ಅತಿ ಹೆಚ್ಚು ಪೆಟ್ಟು ತಿಂದ ಕಡೆಯ ಮಕ್ಕಳು ಈ ಸರಾಸರಿಯೊಳಗೆ ಇಲ್ಲವೇ ಇಲ್ಲ.

ಕಾನೂನು ಏನು ಹೇಳುತ್ತೆ?

ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು 1989ರ ನವೆಂಬರ್ 20ರಂದು. ಅದರ 28ನೇ ವಿಧಿ ಪ್ರತಿ ಮಗುವಿಗೂ ಶಿಕ್ಷಣದ ಹಕ್ಕಿದೆ, ಪ್ರಾಥಮಿಕ ಶಿಕ್ಷಣ ಕಡ್ಡಾಯ ಮತ್ತು ಉಚಿತ ಆಗಿರಬೇಕು ಅನ್ನುತ್ತೆ. 38ನೇ ವಿಧಿ ಸಶಸ್ತ್ರ ಸಂಘರ್ಷದಲ್ಲಿ ಮಕ್ಕಳ ರಕ್ಷಣೆಗೆ ಸಂಬಂಧಿಸಿದ್ದು. ಭಾರತ, ಉಕ್ರೇನ್, ರಷ್ಯಾ ಮೂರೂ ಇದಕ್ಕೆ ಬದ್ಧವಾಗಿರುವ ದೇಶಗಳು. ಕೆಲವು ಮಾನವ ಹಕ್ಕು ಒಪ್ಪಂದಗಳಲ್ಲಿ ತುರ್ತು ಪರಿಸ್ಥಿತಿ ಬಂದರೆ ಕೆಲ ಹಕ್ಕುಗಳನ್ನು ತಡೆಹಿಡಿಯಬಹುದು ಎಂಬ ಅವಕಾಶ ಇರುತ್ತೆ. ಈ ಒಡಂಬಡಿಕೆಯಲ್ಲಿ ಅದು ಇಲ್ಲ. ಯುದ್ಧ ಬಂತು ಅಂತ ಮಗುವಿನ ಶಿಕ್ಷಣದ ಹಕ್ಕು ರದ್ದಾಗುವುದಿಲ್ಲ.

ಎರಡನೆಯದು ದಾಳಿಯ ಲೆಕ್ಕ ಇಡುವ ವ್ಯವಸ್ಥೆ. 2005ರಲ್ಲಿ ಭದ್ರತಾ ಮಂಡಳಿ 1612ನೇ ನಿರ್ಣಯದ ಮೂಲಕ, ಯುದ್ಧದಲ್ಲಿ ಮಕ್ಕಳ ವಿರುದ್ಧ ನಡೆಯುವ ಆರು ಘೋರ ಉಲ್ಲಂಘನೆಗಳನ್ನು ದಾಖಲಿಸುವ ವ್ಯವಸ್ಥೆ ತಂದಿತು. ಶಾಲೆ-ಆಸ್ಪತ್ರೆಗಳ ಮೇಲಿನ ದಾಳಿ ಅವುಗಳಲ್ಲೊಂದು. ಪ್ರತಿವರ್ಷ ಮಹಾ ಕಾರ್ಯದರ್ಶಿ ವರದಿ ಕೊಡುತ್ತಾರೆ, ತಪ್ಪಿತಸ್ಥರ ಪಟ್ಟಿಯೂ ಅದರಲ್ಲಿರುತ್ತೆ. 2022ರ ಘಟನೆಗಳ ಬಗ್ಗೆ 2023ರಲ್ಲಿ ಬಂದ ವರದಿ ರಷ್ಯಾ ಸೇನೆಯನ್ನು ಆ ಪಟ್ಟಿಗೆ ಸೇರಿಸಿತು. ರಷ್ಯಾ ಪಡೆಗಳಿಂದ ಶಾಲೆ-ಆಸ್ಪತ್ರೆಗಳ ಮೇಲೆ ನಡೆದ 480 ದಾಳಿಗಳನ್ನು ವಿಶ್ವಸಂಸ್ಥೆ ಪರಿಶೀಲಿಸಿ ಖಚಿತಪಡಿಸಿತ್ತು. ಉಕ್ರೇನ್ ಪಡೆಗಳಿಂದ ನಡೆದ 212 ದಾಳಿಗಳೂ ಅದೇ ವರದಿಯಲ್ಲಿವೆ. ಉಕ್ರೇನ್ ಹೆಸರು ಮಾತ್ರ ಪಟ್ಟಿಗೆ ಸೇರಲಿಲ್ಲ. ಯಾರ ಪರ ನಿಂತು ಓದಿದರೂ ಈ ಎರಡೂ ಅಂಕಿಗಳನ್ನು ಒಟ್ಟಿಗೇ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಮೂರನೆಯದು ‘ಸುರಕ್ಷಿತ ಶಾಲೆಗಳ ಘೋಷಣೆ’. 2015ರ ಮೇನಲ್ಲಿ ನಾರ್ವೆಯ ಓಸ್ಲೋದಲ್ಲಿ ರೂಪುಗೊಂಡದ್ದು. ಶಾಲೆ ಮೇಲೆ ದಾಳಿ ಮಾಡಬೇಡಿ ಅನ್ನೋದರ ಜೊತೆಗೆ, ಶಾಲೆಯನ್ನು ಸೇನೆಯ ಕೆಲಸಕ್ಕೂ ಬಳಸಬೇಡಿ ಅನ್ನುತ್ತೆ. ಇದು ಕಾನೂನಲ್ಲ, ದೇಶಗಳು ತಾವಾಗಿ ಕೊಡುವ ಮಾತು. ಉಕ್ರೇನ್ 2019ರಲ್ಲಿ ಒಪ್ಪಿಕೊಂಡಿದೆ. ರಷ್ಯಾ ಒಪ್ಪಿಲ್ಲ. ಭಾರತವೂ ಒಪ್ಪಿಲ್ಲ. ಛತ್ತೀಸ್‌ಗಢದ ಶಾಲೆಗಳಿಂದ ಭದ್ರತಾ ಪಡೆಗಳನ್ನು ತೆರವು ಮಾಡಿ ಅಂತ 2011ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಹೇಳಬೇಕಾಗಿ ಬಂದಿತ್ತು ಅನ್ನೋದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಸೇನೆ ಶಾಲೆಯೊಳಗೆ ಬಂದರೆ ಏನಾಗುತ್ತೆ ಅನ್ನೋದಕ್ಕೆ ಯಾಹಿದ್ನೆ ಎಂಬ ಹಳ್ಳಿ ಸಾಕ್ಷಿ. ಇದಿರೋದು ಉಕ್ರೇನ್‌ನ ಉತ್ತರದ ಚೆರ್ನಿಹಿವ್ ಪ್ರಾಂತ್ಯದಲ್ಲಿ. 2022ರ ಮಾರ್ಚ್‌ನಲ್ಲಿ ರಷ್ಯಾ ಸೈನಿಕರು ಅಲ್ಲಿನ ಶಾಲೆಯನ್ನು ನೆಲೆ ಮಾಡಿಕೊಂಡು, ಮಕ್ಕಳು ಮುದುಕರು ಸೇರಿ ಹಳ್ಳಿಯ 300ಕ್ಕೂ ಹೆಚ್ಚು ಜನರನ್ನು ಅದರ ನೆಲಮಾಳಿಗೆಯಲ್ಲಿ ಸುಮಾರು ನಾಲ್ಕು ವಾರ ಕೂಡಿಹಾಕಿದ್ದರು. ಗಾಳಿಯಿಲ್ಲದೆ ಹಲವು ವೃದ್ಧರು ಅಲ್ಲೇ ಸತ್ತರು. ಒಳಗಿದ್ದವರು ಗೋಡೆಯ ಮೇಲೆ ದಿನಾಂಕಗಳನ್ನೂ ಸತ್ತವರ ಹೆಸರುಗಳನ್ನೂ ಬರೆದಿಟ್ಟರು.

ಶಾಲೆ ತೆರೆದಿದೆ, ಆದರೆ ಯಾರ ಶಾಲೆ?

ಹಕ್ಕಿನ ಪ್ರಶ್ನೆ ಬಾಗಿಲು ತೆರೆದ ಕೂಡಲೇ ಮುಗಿಯೋದಿಲ್ಲ. ರಷ್ಯಾ ವಶದಲ್ಲಿರುವ ಪ್ರದೇಶದಲ್ಲಿ ಶಾಲೆಗಳು ತೆರೆದಿವೆ. ಕಲಿಸುವುದು ರಷ್ಯಾದ ಪಠ್ಯ. ಈ ಯುದ್ಧವನ್ನು ‘ವಿಶೇಷ ಸೇನಾ ಕಾರ್ಯಾಚರಣೆ’ ಎಂದು ಸಮರ್ಥಿಸುವ ಅಧ್ಯಾಯವಿರುವ ಇತಿಹಾಸ ಪುಸ್ತಕ 2023ರಲ್ಲಿ ಬಂತು. ಉಕ್ರೇನಿ ಪಠ್ಯವನ್ನು ತೆಗೆದುಹಾಕಿದ್ದು, ಒಪ್ಪದ ಶಿಕ್ಷಕರನ್ನು ಹೆದರಿಸಿದ್ದು, ಇವನ್ನೆಲ್ಲ ಹ್ಯೂಮನ್ ರೈಟ್ಸ್ ವಾಚ್ 2024ರ ಜೂನ್‌ನಲ್ಲಿ ದಾಖಲಿಸಿದೆ. ಕೆಲವು ಮಕ್ಕಳು ಹಗಲು ರಷ್ಯಾ ಶಾಲೆಗೆ ಹೋಗಿ, ಮನೆಯಲ್ಲಿ ಕದ್ದುಮುಚ್ಚಿ ಉಕ್ರೇನ್‌ನ ಆನ್‌ಲೈನ್ ಪಾಠ ಕೇಳುತ್ತಾರೆ.

ಮಕ್ಕಳನ್ನೇ ಗಡಿ ದಾಟಿಸಿದ ಆರೋಪ ಇದಕ್ಕಿಂತ ಗಂಭೀರವಾದದ್ದು. 19,000ಕ್ಕೂ ಹೆಚ್ಚು ಮಕ್ಕಳನ್ನು ರಷ್ಯಾಕ್ಕೆ ಅಥವಾ ಅದರ ವಶದ ಪ್ರದೇಶಕ್ಕೆ ಒಯ್ಯಲಾಗಿದೆ ಎಂಬುದು ಉಕ್ರೇನ್ ಸರ್ಕಾರದ ಲೆಕ್ಕ. ಯುದ್ಧದ ಅಪಾಯದಿಂದ ಪಾರುಮಾಡಿದ್ದೇವೆ ಅನ್ನುವುದು ರಷ್ಯಾದ ಉತ್ತರ. ಆದರೆ 2022ರ ಮೇ 30ರಂದು ಅಧ್ಯಕ್ಷ ಪುಟಿನ್, ಉಕ್ರೇನ್‌ನ ಅನಾಥ ಮಕ್ಕಳಿಗೆ ರಷ್ಯಾ ಪೌರತ್ವ ಕೊಡುವುದನ್ನು ಸುಲಭಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. ಬರೀ ರಕ್ಷಣೆಯೇ ಉದ್ದೇಶವಾಗಿದ್ದರೆ ಪೌರತ್ವ ಬದಲಿಸುವ ಅಗತ್ಯ ಏನಿತ್ತು? 1949ರ ನಾಲ್ಕನೇ ಜಿನೀವಾ ಒಪ್ಪಂದದ 50ನೇ ವಿಧಿ ಆಕ್ರಮಿತ ಪ್ರದೇಶದ ಮಕ್ಕಳ ವೈಯಕ್ತಿಕ ಸ್ಥಾನಮಾನ ಬದಲಿಸಬಾರದು ಅನ್ನುತ್ತೆ. 2023ರ ಮಾರ್ಚ್ 17ರಂದು ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಪುಟಿನ್ ಮತ್ತು ರಷ್ಯಾದ ಮಕ್ಕಳ ಹಕ್ಕುಗಳ ಆಯುಕ್ತೆ ಮರಿಯಾ ಲ್ವೋವಾ-ಬೆಲೋವಾ ವಿರುದ್ಧ ಬಂಧನ ವಾರಂಟ್ ಹೊರಡಿಸಿದ್ದು ಮಕ್ಕಳನ್ನು ಕಾನೂನುಬಾಹಿರವಾಗಿ ಸಾಗಿಸಿದ ಆರೋಪದ ಮೇಲೆಯೇ.

ಮೆಟ್ರೋ ಇಲ್ಲದ ಊರುಗಳು

ಖಾರ್ಕಿವ್‌ನ ಕತೆಯನ್ನು ಬರೀ ಸಾಹಸದ ಕತೆಯಾಗಿ ಹೇಳೋದು ನನಗೆ ಇಷ್ಟವಿಲ್ಲ. ಭೂಮಿಯೊಳಗೆ ಶಾಲೆ ಕಟ್ಟೋದು ಅಂದ್ರೆ ಯುದ್ಧಕ್ಕೆ ಒಗ್ಗಿಕೊಂಡಂತೆ ಅನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಹೊರಗೆ ಆಟದ ಮೈದಾನವಿದ್ದೂ ಮಗು ಬೆಳಕಿಲ್ಲದ ಕಡೆ ಬೆಳೆಯೋದು ಯಾರಿಗೂ ಒಪ್ಪಿಗೆಯಾಗುವ ಏರ್ಪಾಡಲ್ಲ. ಆದರೆ ಆ ಮಗುವಿನ ಆರನೇ ವರ್ಷ, ಏಳನೇ ವರ್ಷ ಕದನವಿರಾಮಕ್ಕಾಗಿ ಕಾಯುತ್ತಾ ನಿಲ್ಲೋದಿಲ್ಲ. ಅಕ್ಷರ ಕಲಿಯುವ ವಯಸ್ಸು ಒಮ್ಮೆ ದಾಟಿದರೆ ದಾಟಿತು. ಹಾಗಾಗಿ ನಾನು ಕಟ್ಟಿದವರ ಪರ.

ಇದನ್ನೂ ಒಪ್ಪಿಕೊಳ್ಳಬೇಕು: ಖಾರ್ಕಿವ್‌ಗೆ ಇಳಿಯಲು ಮೆಟ್ರೋ ಇತ್ತು, ಎಂಜಿನಿಯರುಗಳಿದ್ದರು, ಹೊರದೇಶಗಳ ನೆರವಿತ್ತು. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದ ಸುಡಾನ್‌ನಲ್ಲಿ ಆರೇ ತಿಂಗಳಲ್ಲಿ ಸುಮಾರು 1.9 ಕೋಟಿ ಮಕ್ಕಳು ಶಾಲೆಯಿಂದ ಹೊರಗುಳಿದಿದ್ದಾರೆ ಎಂದು ಯುನಿಸೆಫ್ ಹೇಳಿತ್ತು. ಗಾಜಾದಲ್ಲಿ 2023ರ ಅಕ್ಟೋಬರ್ ನಂತರ ಸುಮಾರು 6.25 ಲಕ್ಷ ಮಕ್ಕಳ ಶಾಲೆ ನಿಂತಿತು. ಖಾರ್ಕಿವ್‌ನಲ್ಲಿ ಆಶ್ರಯ ತಾಣ ಶಾಲೆಯಾಯಿತು. ಗಾಜಾದಲ್ಲಿ ಶಾಲೆಗಳೇ ಮನೆ ಕಳಕೊಂಡವರ ಆಶ್ರಯ ತಾಣವಾದವು, ಅವುಗಳ ಮೇಲೂ ಬಾಂಬ್ ಬಿತ್ತು. ಒಡಂಬಡಿಕೆಯ 28ನೇ ವಿಧಿ ಮೂರೂ ಕಡೆಯ ಮಕ್ಕಳಿಗೆ ಒಂದೇ.

ಅದಕ್ಕೇ ಯುದ್ಧಪೀಡಿತ ದೇಶದಲ್ಲಿ ‘ಶಾಲೆ ಮತ್ತೆ ಶುರು’ ಅನ್ನೋ ಸುದ್ದಿ ಕಂಡಾಗ ನಾನು ಈಗ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಎಷ್ಟು ಮಕ್ಕಳು ನಿಜವಾಗಿ ತರಗತಿಯಲ್ಲಿ ಕೂತಿದ್ದಾರೆ? ದಿನಕ್ಕೆ ಎಷ್ಟು ಗಂಟೆ? ದಾಳಿ ಆದರೆ ಎಲ್ಲಿಗೆ ಹೋಗುತ್ತಾರೆ? ಕಲಿಸುತ್ತಿರುವ ಪಠ್ಯ ಯಾರದ್ದು? ಈ ನಾಲ್ಕಕ್ಕೆ ಉತ್ತರ ಇಲ್ಲದ ಸುದ್ದಿ ಅರ್ಧ ಸುದ್ದಿ. ಸರ್ಕಾರಗಳು, ದಾನಿ ಸಂಸ್ಥೆಗಳು ಲೆಕ್ಕ ಕೊಡಬೇಕಾದ್ದೂ ಇದೇ ನಾಲ್ಕು ಅಂಕಣದಲ್ಲಿ.

ನನ್ನ ತಂಗಿ ಓದನ್ನು ಬೇರೆ ದೇಶದಲ್ಲಿ ಮುಗಿಸಿ ಈಗ ದಾವಣಗೆರೆಯಲ್ಲಿದ್ದಾಳೆ. ಈ ಲೇಖನ ಬರೆಯುವ ಮುಂಚೆ ಫೋನ್ ಮಾಡಿ, ಆ ಫೋಟೋ ನೋಡಿದಾಗ ಏನನ್ನಿಸಿತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನಾವು ಆರು ರಾತ್ರಿ ಇದ್ವಿ ಅಣ್ಣಾ, ಅಷ್ಟಕ್ಕೇ ಸಾಕಾಗಿ ಹೋಗಿತ್ತು. ಆ ಹುಡುಗ್ರು ಅಲ್ಲೇ ಮಗ್ಗಿ ಕಲಿತಾ ಇದಾವೆ” ಅಂದಳು.